ಈಸಲ್ಲಿನ ಬೆನ್ನು

ತುಮಕೂರಿನ ನಮ್ಮ ಚಿತ್ರಕಲಾ ಕಾಲೇಜಿನ ಕಾರಿಡಾರಿನಲ್ಲಿ ನಡೆದು ಹೋದರೆ ಗೋಡೆಯ ತುಂಬ ನನ್ನ ಮುಖವೇ. ಒಂದರಲ್ಲಿ ನಾನು ನೀಲಿಗಟ್ಟಿದ್ದೇನೆ, ಒಂದರಲ್ಲಿ ಇದ್ದಿಲು ಕಪ್ಪು. ಇನ್ನೊಂದರಲ್ಲಿ ಮೂಗೂ ಕಿವಿಯೂ ಜಾಗ ಬದಲಿಸಿಕೊಂಡಿವೆ. ಕೆಳಗೆ ‘ಮಾಡೆಲ್: ವಿದ್ಯಾರ್ಥಿ’ ಅಂತ ಚೀಟಿ ಅಂಟಿಸದೆ ಇದ್ದಿದ್ದರೆ ಅದು ಮನುಷ್ಯನ ಮುಖ ಅಂತಲೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊರಗಿನಿಂದ ಬಂದ ಕಲಾವಿದರು ಡೆಮೊ ಕೊಟ್ಟು ಬಿಟ್ಟುಹೋದ ಚಿತ್ರಗಳು ಇವೆಲ್ಲ. ಇಡೀ ಕಾಲೇಜಿನಲ್ಲಿ ನನ್ನಷ್ಟು ಚಿತ್ರ ಬರೆಸಿಕೊಂಡವರು ಇನ್ನೊಬ್ಬರಿಲ್ಲ. ಅಂಥ ನಾನು ಎರಡನೇ ವರ್ಷ ಪೋರ್ಟ್ರೇಟ್‌ನಲ್ಲಿ ಫೇಲಾದೆ.

ಫೇಲಾಗದೆ ಇನ್ನೇನಾದೀತು? ದೊಡ್ಡ ಕಲಾವಿದರು ಬಂದಾಗ ಎಲ್ಲರೂ ಅವರ ಬೆನ್ನ ಹಿಂದೆ ಮುಗಿಬಿದ್ದು, ಬ್ರಶ್ ಹೇಗೆ ಹಿಡಿಯುತ್ತಾರೆ, ಯಾವ ಬಣ್ಣಕ್ಕೆ ಯಾವುದನ್ನು ಬೆರೆಸುತ್ತಾರೆ ಅಂತ ಕಣ್ಣರಳಿಸಿ ನೋಡುತ್ತಾರೆ. ಆದರೆ ಎದುರಿಗೆ ಕುರ್ಚಿಯಲ್ಲಿ ಯಾರಾದರೂ ಕೂರಬೇಕಲ್ಲ. ಮೊದಲ ವರ್ಷ ಮೊದಲ ಡೆಮೊದಲ್ಲಿ ನಮ್ಮ ಸರ್ ಕಣ್ಣು ನನ್ನ ಗುಂಗುರು ಕೂದಲಿನ ಮೇಲೆ ಬಿತ್ತು. ಕೂತೆ. ಅಲ್ಲಾಡದೆ ಕೂತೆ. ಅದೇ ತಪ್ಪಾಯಿತು. ಅಲ್ಲಿಂದಾಚೆ ಯಾರು ಬಂದರೂ ಕುರ್ಚಿ ನನ್ನದು. ಕುಣಿಗಲ್‌ನಿಂದ ಬರುವ ನಮ್ಮ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ, ಕುದುರೆ ಬಿಟ್ಟು ಬೇರೇನೂ ಬರೆಯುವವಳಲ್ಲ. ಅವಳು, “ನಮ್ಮೂರ ಕುದುರೆಗಳು ನಿನ್ನ ನೋಡಿ ಕಲೀಬೇಕು ಕಣೋ, ಒಂದ್ ಸಲನಾದ್ರೂ ಬಾಲ ಆಡಿಸ್ತೀಯಾ?” ಅಂತ ರೇಗಿಸುತ್ತಿದ್ದಳು. ಎಲ್ಲರೂ ಚಿತ್ರ ಹುಟ್ಟುವುದನ್ನು ನೋಡಿದರು, ನಾನು ಚಿತ್ರ ನಿಲ್ಲಿಸುವ ಈಸಲ್ಲಿನ ಬೆನ್ನು ನೋಡಿದೆ. ಕಟ್ಟಿಗೆ, ಮೊಳೆ, ಕ್ಯಾನ್ವಾಸಿನ ಹಿಂದಿನ ಮಾಸಲು ಬಟ್ಟೆ, ಅದರ ಪಕ್ಕದಿಂದ ಆಗಾಗ ಇಣುಕುವ ಒಬ್ಬ ಕಲಾವಿದನ ಮುಖ.

ಆ ಮುಖಗಳ ಬಗ್ಗೆ ಕೇಳಿದರೆ ನಾನು ಒಂದು ಭಾಷಣವನ್ನೇ ಮಾಡಬಲ್ಲೆ. ಮೈಸೂರಿನ ಕಡೆಯಿಂದ ಒಬ್ಬ ಹಿರಿಯರು ಬಂದಿದ್ದರು, ಜಲವರ್ಣದವರು. ಬರೆಯುತ್ತಾ ಬರೆಯುತ್ತಾ ಏನೋ ರಾಗ ಗುನುಗುತ್ತಿದ್ದರು. ನನ್ನ ಮೂಗಿನ ಹತ್ತಿರ ಬಂದಾಗ ರಾಗ ನಿಂತುಹೋಯಿತು. ಮೂಗು ದಾಟಿ ಮತ್ತೆ ಶುರುವಾಯಿತು. ಇನ್ನೊಬ್ಬರು ನನ್ನನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರಿಸಿ, ನನ್ನ ಕಡೆ ಎರಡೇ ಸಲ ತಿರುಗಿ ನೋಡಿದರು. ಆಮೇಲೆ ಎದ್ದುಹೋಗಿ ನೋಡಿದರೆ ಒಂದು ಕೆಂಪು ಚೌಕ. ಚೌಕ ಬರೆಯುವುದಕ್ಕೆ ನಾನು ಯಾಕೆ ಬೇಕಿತ್ತು ಅಂತ ಇವತ್ತಿಗೂ ತಿಳಿದಿಲ್ಲ. ಮೂರನೆಯವರು ಚಿಕ್ಕ ವಯಸ್ಸಿನವರು, ಮಾತು ಜಾಸ್ತಿ. ಮಾತಿನ ಭರದಲ್ಲಿ ಬ್ರಶ್ಶನ್ನು ಚಹಾದ ಲೋಟಕ್ಕೆ ಅದ್ದಿ, ನೀರಿನ ಲೋಟವನ್ನು ಬಾಯಿಗೆ ಎತ್ತಿದರು. ಎದುರಿಗಿದ್ದ ನನಗೊಬ್ಬನಿಗೆ ಮಾತ್ರ ಅದು ಕಂಡಿತು. ಮಾಡೆಲ್ ಮಾತಾಡಬಾರದು ಅಂತ ಅವರೇ ಹೇಳಿದ್ದರು, ಹಾಗಾಗಿ ಸುಮ್ಮನಿದ್ದೆ.

ಅವರು ಹೋದಮೇಲೆ ಕ್ಲಾಸಿನಲ್ಲಿ ಸಾಂಕ್ರಾಮಿಕ ಶುರುವಾಗುತ್ತಿತ್ತು. ಜಲವರ್ಣದವರು ಬಂದುಹೋದ ತಿಂಗಳು ಎಲ್ಲರ ಹಾಳೆಯಿಂದಲೂ ನೀರು ಸೋರುತ್ತಿತ್ತು, ಹಾಸ್ಟೆಲಿನ ಬಟ್ಟೆ ತಂತಿಯ ಮೇಲೆ ಚಿತ್ರಗಳು ಒಣಗುತ್ತಿದ್ದವು. ಕೆಂಪು ಚೌಕದವರು ಹೋದಮೇಲೆ ಕುಣಿಗಲ್ ಹುಡುಗಿಯ ಕುದುರೆಗಳೂ ಮೂಲೆ ಮೂಲೆಯಾಗಿ ತ್ರಿಕೋನಕ್ಕೆ ತಿರುಗಿದವು. ನಾನು ಮಾತ್ರ ಏನೂ ಕಲಿಯಲಿಲ್ಲ ಅನ್ನಲಾರೆ. ಮೂಗು ಬರೆಯುವಾಗ ಗುನುಗುವುದನ್ನು ನಿಲ್ಲಿಸಬೇಕು ಅಂತ ಕಲಿತೆ.

ಕೊನೆಯ ವರ್ಷಕ್ಕೆ ಬಂದಾಗ ನಗು ಕಡಿಮೆಯಾಯಿತು. ಉಳಿದುಕೊಂಡಿದ್ದ ಪೋರ್ಟ್ರೇಟ್ ಪಾಸಾಗಲು ಮನೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ಕೊಡಬೇಕಿತ್ತು. ಕೊಡದಿದ್ದರೆ, ಕೊಟ್ಟಿದ್ದು ಮುಖದ ಹಾಗೆ ಇರದಿದ್ದರೆ, ವರ್ಷ ಹೋದ ಹಾಗೆ. ಅಪ್ಪ ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಫಿಟ್ಟರ್. ಚೇಳೂರಿನ ಮನೆಯಿಂದ ದಿನಾ ಬೈಕಿನಲ್ಲಿ ಹೋಗಿಬರುತ್ತಾನೆ. ಅವನು ಗದರಲಿಲ್ಲ. “ಈ ಸಲನೂ ಆಗ್ನಿಲ್ಲ ಅಂದ್ರೆ ನಮ್ ಫ್ಯಾಕ್ಟ್ರಿಗೆ ಬಂದ್ಬುಡ್ಲಾ. ಅಲ್ಲೂ ಪೇಂಟಿಂಗ್ ಸೆಕ್ಷನ್ ಐತೆ, ಗೇಟಿಗೆ ಸ್ಪ್ರೇ ಹೊಡ್ಯೋದು. ಪೇಂಟಿಂಗ್ ಪೇಂಟಿಂಗೇ ಅಲ್ವಾ?” ಅಂದ. ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ನನಗೆ ತಿಳಿಯಲಿಲ್ಲ.

ಆ ಹೊತ್ತಿಗೆ ಸುದ್ದಿ ಬಂತು. ಮುಖಗಳನ್ನೇ ಬರೆಯುವ ಕಲಾವಿದೆಯೊಬ್ಬರು ಡೆಮೊ ಕೊಡಲು ಬರುತ್ತಾರಂತೆ. ನಮಗದು ಕೊನೆಯ ಡೆಮೊ. ಈ ಒಂದನ್ನಾದರೂ ನಾನು ಈಸಲ್ಲಿನ ಮುಂದೆ ನಿಂತು ನೋಡಲೇಬೇಕಿತ್ತು. ಕುರ್ಚಿಯಿಂದ ತಪ್ಪಿಸಿಕೊಳ್ಳುವುದು ಹೇಗೆ ಅಂತ ಕುಣಿಗಲ್ ಹುಡುಗಿಯನ್ನು ಕೇಳಿದೆ.

“ನಿನ್ ಕೂದಲು ನೋಡೇ ಅಲ್ವೇನೋ ಕೂರಿಸೋದು? ಬೋಳಿಸ್ಕೊಂಡ್ ಬಾ. ಬೋಳು ತಲೆ ಯಾರ್ ಬರೀತಾರೆ?” ಅಂದಳು.

ಅವಳು ಹೇಳಿದ್ದು ತಮಾಷೆಗೆ. ನಾನು ಅದೇ ಭಾನುವಾರ ಅವ್ವನನ್ನು ಕರೆದುಕೊಂಡು ಯಡಿಯೂರಿಗೆ ಹೋಗಿ ಮುಡಿ ಕೊಟ್ಟೆ. ನಾನು ಎಸ್ಸೆಸ್ಸೆಲ್ಸಿ ಪಾಸಾದರೆ ಮುಡಿ ಕೊಡಿಸುತ್ತೇನೆ ಅಂತ ಅವ್ವ ಹರಕೆ ಹೊತ್ತಿದ್ದಳು. ನಾನು ಇಷ್ಟು ವರ್ಷ ಗುಂಗುರು ಕೂದಲಿನ ಮೋಹಕ್ಕೆ ಅದನ್ನು ಮುಂದೂಡುತ್ತಾ ಬಂದಿದ್ದೆ. ಈಗ ನಾನೇ ಬಾಯಿಬಿಟ್ಟು ಕೇಳಿದ್ದು ಕಂಡು ಅವಳ ಕಣ್ಣು ತುಂಬಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ, “ನಮ್ಮುಡುಗಂಗೆ ದೇವ್ರು ಬುದ್ಧಿ ಕೊಟ್ಟ ಕಣವ್ವ” ಅಂತ ಪ್ರಸಾದ ಹಂಚಿದಳು.

ಬೋಳು ತಲೆಗೆ ನಮ್ಮ ಕಡೆ ಇನ್ನೊಂದು ಅರ್ಥವೂ ಇದೆ ಅಂತ ನಾನು ಯೋಚಿಸಬೇಕಿತ್ತು. ಸೋಮವಾರ ಬೆಳಿಗ್ಗೆ ಗುಬ್ಬಿ ಬಸ್ ಹತ್ತಿದರೆ, ದಿನಾ ನೋಡುವ ಕಂಡಕ್ಟರ್ ನನ್ನ ತಲೆ ನೋಡಿ ಮುಖ ಬಾಡಿಸಿಕೊಂಡ. “ಅಯ್ಯೋ, ಅಪ್ಪ ಹೋಗ್ಬುಟ್ರೇನಪ್ಪ? ಯಾವಾಗ?” ಅಂದ. “ಇಲ್ಲಣ್ಣ, ಅಪ್ಪ ಚೆನ್ನಾಗವ್ನೆ, ಯಡಿಯೂರಿಗೆ ಹೋಗಿದ್ದೆ” ಅಂದೆ. ಬಸ್ಸಿನ ಸದ್ದಿನಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಗುಬ್ಬಿ ಬರುವಷ್ಟರಲ್ಲಿ ಅರ್ಧ ಬಸ್ ನನಗೆ ಸಮಾಧಾನ ಹೇಳಿತ್ತು, ಒಬ್ಬ ಅಜ್ಜಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಿದ್ದಳು. ಸಂಜೆ ಹೊತ್ತಿಗೆ ದೂರದ ನೆಂಟರೊಬ್ಬರು ಮನೆಯ ಬೇರೆ ನಂಬರ್ ಇಲ್ಲದೆ ಅಪ್ಪನ ಮೊಬೈಲಿಗೇ ಫೋನ್ ಮಾಡಿ, ಎತ್ತಿದವರು ಯಾರು ಅಂತ ಕೇಳದೆ, ತಿಥಿ ಯಾವತ್ತು ಇಟ್ಕೊಂಡಿದೀರ ಅಂದರಂತೆ. “ನಂಗಿನ್ನೂ ಯಾರೂ ಹೇಳಿಲ್ಲ ಕಣಪ್ಪ” ಅಂದನಂತೆ ಅಪ್ಪ.

ಇಷ್ಟೆಲ್ಲ ಪಾಡು ಪಟ್ಟು ಡೆಮೊ ದಿನ ಕ್ಲಾಸಿನ ಹಿಂದಿನ ಸಾಲಿನಲ್ಲಿ, ಎತ್ತರದವನೊಬ್ಬನ ಮರೆಯಲ್ಲಿ ನಿಂತೆ. ಮೇಡಂ ಬಂದರು. ಅವ್ವನ ವಯಸ್ಸಿನವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು. ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಕನ್ನಡಕ ಇಳಿಸಿ, ನೇರ ನನ್ನತ್ತ ಬೆರಳು ಮಾಡಿದರು.

“ಆ ತಲೆ ಯಾರದು? ಮುಂದೆ ಬಾಪ್ಪ. ಆಹಾ! ಕೂದಲಿಲ್ದೆ ಬುರುಡೆ ಪೂರ್ತಿ ಕಾಣೋ ಮಾಡೆಲ್ ಎಲ್ಲಿ ಸಿಗತ್ತೆ ಹೇಳಿ!”

ಕ್ಲಾಸ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕುಣಿಗಲ್ ಹುಡುಗಿ ನಕ್ಕು ನಕ್ಕು ಬೆಂಚಿನ ಮೇಲೆ ಕೂತುಬಿಟ್ಟಳು. ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಎದುರಿಗೆ ಅದೇ ಕಟ್ಟಿಗೆ, ಅದೇ ಮೊಳೆ. ಮೇಡಂ ಬಣ್ಣದ ಟ್ಯೂಬಿನ ಮುಚ್ಚಳ ತಿರುವುತ್ತಿದ್ದರು. ಮಾಡೆಲ್ ಮಾತಾಡಬಾರದು ಅಂತ ಗೊತ್ತಿದ್ದೂ, “ಮೇಡಂ, ನಾನು ಒಂದ್ ಡೆಮೊನೂ ನೋಡಿಲ್ಲ” ಅಂದೆ. ನಮ್ಮ ಸರ್ ಕಣ್ಣು ಬಿಟ್ಟರು.

“ಒಂದೂ ನೋಡಿಲ್ವಾ? ಕ್ಲಾಸಿಗೇ ಬರಲ್ವಾ ನೀನು?”

“ಎಲ್ಲದಕ್ಕೂ ಬಂದಿದೀನಿ ಮೇಡಂ. ಎಲ್ಲದ್ರಲ್ಲೂ ನಾನೇ ಕೂತಿದ್ದೆ.”

ಅವರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ ಬ್ರಶ್ ಕೆಳಗಿಟ್ಟರು. “ಇಲ್ಲಿ ದೊಡ್ಡ ಕನ್ನಡಿ ಎಲ್ಲಿ ಸಿಗತ್ತೆ?” ಅಂತ ಕೇಳಿದರು. ಕಾಲೇಜಿನಲ್ಲಿ ಇರಲಿಲ್ಲ. ಇಬ್ಬರು ಓಡಿಹೋಗಿ ರಸ್ತೆಯಾಚೆಯ ಕಟಿಂಗ್ ಶಾಪಿನ ಗೋಡೆ ಕನ್ನಡಿಯನ್ನೇ ಬಿಚ್ಚಿಸಿ ತಂದರು. ಕನ್ನಡಿಯ ಒಂದು ತುದಿ ಹಿಡಿದು ಅಂಗಡಿಯವರೂ ಬಂದರು. ಒಡೆದೀತೆಂಬ ಭಯಕ್ಕೆ ಬಂದವರು ಡೆಮೊ ಮುಗಿಯುವವರೆಗೂ ಹೋಗಲಿಲ್ಲ. ನನ್ನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಯಾರಪ್ಪ ಮಾಡಿದ್ದು? ಕಿವಿ ಹಿಂದೆ ಕೂದ್ಲು ಬುಟ್ಟವ್ರೆ” ಅಂತ ಬೇಸರಪಟ್ಟುಕೊಂಡರು.

ಮೇಡಂ ಆ ಕನ್ನಡಿಯನ್ನು ತಮ್ಮ ಬೆನ್ನ ಹಿಂದೆ ಬೆಂಚಿನ ಮೇಲೆ ಓರೆಯಾಗಿ ನಿಲ್ಲಿಸಿದರು. “ಈಗ ಕಾಣುತ್ತಾ?” ಅಂದರು. ಕಂಡಿತು. ಬಿಳಿ ಕ್ಯಾನ್ವಾಸ್, ಅವರ ಕೈ, ಬಣ್ಣದ ತಟ್ಟೆ, ಎಲ್ಲ.

ನಾನು ಯಾವತ್ತೂ ಕಣ್ಣಿನಿಂದ ಶುರು ಮಾಡುತ್ತಿದ್ದೆ. ರೆಪ್ಪೆಯ ಕೂದಲು ಒಂದೊಂದನ್ನೂ ತಿದ್ದಿ ತೀಡಿ ಮುಗಿಸುವಷ್ಟರಲ್ಲಿ ಉಳಿದ ಮುಖಕ್ಕೆ ಜಾಗವೇ ಇರುತ್ತಿರಲಿಲ್ಲ. ಮೇಡಂ ಕಣ್ಣಿನ ಗೋಜಿಗೇ ಹೋಗಲಿಲ್ಲ. ಮಾಸಲು ಬಣ್ಣವನ್ನು ದಪ್ಪ ಬ್ರಶ್ಶಿನಲ್ಲಿ ಬಳಿದರು, ಬಟ್ಟೆಯಲ್ಲಿ ಒರೆಸಿದರು, ಮತ್ತೆ ಬಳಿದರು. ಬಹಳ ಹೊತ್ತು ಕ್ಯಾನ್ವಾಸಿನ ಮೇಲೆ ಇದ್ದದ್ದು ಒಂದು ಬದನೆಕಾಯಿ. ಆಮೇಲೆ ಒಂದು ಕಿವಿ ಬರೆದರು. ಎಷ್ಟು ಚೆನ್ನಾಗಿತ್ತೆಂದರೆ ನಾನಾಗಿದ್ದರೆ ಅಲ್ಲಿಗೇ ಸಹಿ ಹಾಕಿ ಮನೆಗೆ ಹೋಗುತ್ತಿದ್ದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ‘ತ್ಚು’ ಅಂದು, ಅದನ್ನು ಒರೆಸಿಬಿಟ್ಟರು. ದವಡೆ ತಪ್ಪಿತು. ತಿದ್ದಿದರು, ಮತ್ತೆ ತಪ್ಪಿತು. ಇಷ್ಟು ವರ್ಷ ಈಸಲ್ಲಿನ ಆ ಕಡೆ ನಿಂತವರಿಗೆ ಎಲ್ಲ ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದವನು ನಾನೊಬ್ಬನೇ ಅಂದುಕೊಂಡಿದ್ದೆ. ಅವರು ತಪ್ಪುತ್ತಾ, ಗೊಣಗುತ್ತಾ, ಒರೆಸುತ್ತಾ ಹೋಗುವುದನ್ನು ನೋಡಿ ನನಗೆ ಹೇಳಲಾರದಷ್ಟು ಸಂತೋಷವಾಯಿತು. ಅಳುವೂ ಬಂತು. ಕಟಿಂಗ್ ಶಾಪಿನವರು ನೋಡಿದರೆಂದು ಕಾಣುತ್ತದೆ, ಹೆಗಲ ಮೇಲಿದ್ದ ಟವೆಲ್ ಕೊಟ್ಟರು.

ಮುಗಿದ ಚಿತ್ರದಲ್ಲಿ ಬೋಳು ತಲೆಯ ಹುಡುಗ ನಮ್ಮನ್ನು ನೋಡುತ್ತಿಲ್ಲ. ಬಾಯಿ ತುಸು ತೆರೆದು, ಕತ್ತು ಮುಂದೆ ಚಾಚಿ, ನಮ್ಮ ಭುಜದಾಚೆ ಏನನ್ನೋ ನೋಡುತ್ತಿದ್ದಾನೆ. “ಪಂಕ್ತೀಲಿ ಪಾಯಸ ಬಡಿಸೋರು ಇನ್ನೂ ಎಷ್ಟು ದೂರ ಇದಾರೆ ಅಂತ ನೋಡ್ತಿದೀಯ” ಅಂದಳು ಕುಣಿಗಲ್ ಹುಡುಗಿ. ಅವಳು ಹೇಳಿದ್ದು ಸರಿಯಾಗೇ ಇತ್ತು.

ಮುಂದಿನ ಭಾನುವಾರ ಚೇಳೂರಿನ ಮನೆಯ ಜಗಲಿಯ ಮುಂದೆ ಅಪ್ಪನನ್ನು ಕೂರಿಸಿದೆ. ಮಂಗಳವಾರ ಚಿತ್ರ ಕೊಡಬೇಕಿತ್ತು. ಅಪ್ಪ ಮದುವೆಮನೆಗೆ ಹಾಕುವ ಶರ್ಟು ಹಾಕಿ, ಅವ್ವನ ಪೌಡರ್ ಬಳಿದುಕೊಂಡು, ಆಧಾರ್ ಕಾರ್ಡಿಗೆ ಕೂತವನ ಹಾಗೆ ಉಸಿರು ಬಿಗಿಹಿಡಿದು ಕೂತ. ಅವ್ವ ನನ್ನ ಬೆನ್ನ ಹಿಂದೆ ನಿಂತಳು.

“ಏನೇ ಬಂದೈತೆ?” ಅಂದ ಅಪ್ಪ, ಸ್ವಲ್ಪ ಹೊತ್ತಿಗೇ.

“ಬದನೆಕಾಯಿ ಬಂದೈತೆ. ಸುಮ್ನೆ ಕುಂತ್ಕಳಿ.”

ಕಿವಿ ಬರೆದೆ, ಒರೆಸಿದೆ. “ಚೆನ್ನಾಗಿತ್ತಲ್ಲೋ, ಯಾಕ್ ಒರೆಸ್ದೆ?” ಅಂತ ಅವ್ವ ಬೈದಳು. ದವಡೆ ತಪ್ಪಿತು. ಫ್ಯಾಕ್ಟರಿಯ ಗೇಟು ಕಣ್ಣ ಮುಂದೆ ಬಂತು. ತಿದ್ದಿದೆ. ಬಿಸಿಲೇರಿತು. ಪೌಡರ್ ಬೆವರಿನಲ್ಲಿ ಇಳಿದುಹೋಯಿತು. ಬಿಗಿಹಿಡಿದು ಸಾಕಾಗಿ ಅಪ್ಪನ ಭುಜಗಳು ಜಾರಿದವು, ಕಣ್ಣು ರಸ್ತೆಯ ಕಡೆ ಹೋಯಿತು. ಎದುರಿಗೆ ನಾನಿದ್ದೇನೆ ಅನ್ನುವುದನ್ನೇ ಅವನು ಮರೆತಿದ್ದ. ನಾನು ತಲೆ ಎತ್ತದೆ ಬರೆದೆ, ತಲೆ ಎತ್ತಿ ನೋಡಿ ಮತ್ತೆ ಬರೆದೆ.

“ಆಯ್ತು, ಬಾ” ಅಂದೆ.

ಅಪ್ಪ ಈ ಕಡೆ ಬಂದು ನಿಂತ. ಮೂಗು ದಪ್ಪವಾಯಿತು ಅಂತಲೋ ಕೂದಲು ಕಡಿಮೆ ಅಂತಲೋ ಏನಾದರೂ ಅನ್ನುತ್ತಾನೆ ಅಂತ ಕಾದೆ. ಅವನು ಬಗ್ಗಿ ಚಿತ್ರಕ್ಕೆ ಮುಖ ಹತ್ತಿರ ತಂದ. ಆಮೇಲೆ, “ಇದು ನಾನಲ್ಲ ಕಣ್ಲಾ” ಅಂದ.

ಮನೆಯವರೇ ಗುರುತು ಹಿಡಿಯದ ಚಿತ್ರಕ್ಕೆ ಇನ್ನು ಯಾರು ಮಾರ್ಕ್ಸ್ ಕೊಡುತ್ತಾರೆ?

“ನಮ್ಮಪ್ಪ ಇದು” ಅಂದ ಅಪ್ಪ. “ಹಿಂಗೇ ಕುಂತ್ಕಳ್ಳೋನು, ಹೊಲದಿಂದ ಬಂದು.”

ತಾತ ತೀರಿಕೊಂಡಾಗ ಅಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದನಂತೆ. ನಮ್ಮ ಮನೆಯಲ್ಲಿ ತಾತನ ಒಂದು ಫೋಟೊ ಇಲ್ಲ. ತೆಗೆಸಿಯೇ ಇರಲಿಲ್ಲ. ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ ಒಂದು ಕಳಶ ಇಟ್ಟು ಕೈಮುಗಿಯುತ್ತೇವೆ, ಅಷ್ಟೆ. “ಮುಖ ಮರ್ತೇ ಹೋಗಿತ್ತು ನಂಗೆ. ಎಷ್ಟ್ ನೆನಸ್ಕಂಡ್ರೂ ಬತ್ತಿರ್ನಿಲ್ಲ” ಅಂದ ಅಪ್ಪ. ಕೈ ಚಾಚಿ ಈಸಲ್ಲಿನಿಂದ ಚಿತ್ರವನ್ನು ಎತ್ತಿಕೊಂಡ. ಹಸಿ ಬಣ್ಣ ಅವನ ಹೆಬ್ಬೆರಳಿಗೆ ಅಂಟಿತು.

“ಇದನ್ನ ಕಾಲೇಜಿಗೆ ಕೊಡ್ಬ್ಯಾಡ ಬುಡು.”

“ಅಪ್ಪ, ನಾಳಿದ್ದು ಕೊಡ್ಲಿಲ್ಲ ಅಂದ್ರೆ ವರ್ಷ ಹೋಗುತ್ತೆ.”

ಅವನು ಚಿತ್ರ ಹಿಡಿದುಕೊಂಡೇ ತಿರುಗಿದ. ಒಳಗೆ ಹೋಗಿ ಕ್ಯಾಲೆಂಡರ್ ತೆಗೆದು ಅದರ ಮೊಳೆಗೆ ಚಿತ್ರ ನೇತುಹಾಕಿದ. ಅವ್ವ ನನ್ನತ್ತ ನೋಡಿ, ಈಗ ಮಾತಾಡಬೇಡ ಅಂತ ಕಣ್ಣಲ್ಲೇ ಹೇಳಿದಳು. ನಾನು ಬ್ರಶ್‌ಗಳನ್ನು ಎತ್ತಿಕೊಂಡು ತೊಳೆಯಲು ಹೋದೆ.

ಸೋಮವಾರ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಬೈಕ್ ಇನ್ನೂ ಅಲ್ಲೇ ನಿಂತಿತ್ತು. ಫ್ಯಾಕ್ಟರಿಗೆ ರಜಾ ಹೇಳಿ, ಅದೇ ಶರ್ಟು ಹಾಕಿಕೊಂಡು, ಜಗಲಿಯ ಮುಂದೆ ಕುರ್ಚಿ ತಾನೇ ಹಾಕಿಕೊಂಡು ಅಪ್ಪ ಕೂತಿದ್ದ.

“ಬಾರ್ಲಾ, ಹೊತ್ತಾಯ್ತು” ಅಂದ. “ಈ ಸಲ ನನ್ನ ಬರಿ.”