ಛತ್ರದ ಅಜ್ಜಿಗೆ ತಂದ ಬ್ರೆಡ್ಡು

ಪುಟ್ಟಿ, ಚಿನ್ನಿ, ಮರಿ, ಮೂವರೂ ಓದಿ. ಹೋದ ವಾರ ನನಗೆ ಜ್ವರ ಬಂದಾಗ ನೀವು ಬ್ರೆಡ್ಡು ತಂದಿರಿ. ಅದನ್ನು ನೋಡಿ ನಾನು ನಕ್ಕೆ. ಯಾಕಜ್ಜಿ ಎಂದು ಕೇಳಿದಿರಿ, ನಾನು ಹೇಳಲಿಲ್ಲ. ನಾಲ್ಕು ಜನ ಮುಖ ನೋಡುತ್ತಾ ಕೂತರೆ ನನಗೆ ಮಾತು ಹೊರಡುವುದಿಲ್ಲ. ಸಾಲಗಾಮೆ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರಲ್ಲೇ ಬರೆಯುತ್ತೇನೆ.

ನಾನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದಾಗ ನಿಮ್ಮ ತಾತ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಮ್ಮ ಮನೆಯ ಹಿಂದೆ ಒಂದು ಹಳೆಯ ಛತ್ರವಿತ್ತು. ಊರಿನ ಕೆಲವರು ಸೇರಿ ಅಲ್ಲಿ ದಿಕ್ಕಿಲ್ಲದ ಏಳು ಜನ ವಯಸ್ಸಾದವರಿಗೆ ಜಾಗ ಮಾಡಿಕೊಟ್ಟಿದ್ದರು. ಅಡಿಗೆಗೆ ಒಬ್ಬಾಕೆ ಬಂದು ಹೋಗುತ್ತಿದ್ದಳು. ನಾನು ಮೊದಲ ಸಲ ಹೋದದ್ದು ಅಂಗಳದ ಕರಿಬೇವು ಕೀಳಲು. ಯಾರೂ ನೋಡದ ಹಾಗೆ ಕಿತ್ತುಕೊಂಡು ಬರುವಾಗ ಚನ್ನರಾಯಪಟ್ಟಣದ ಕಡೆಯ ಒಬ್ಬ ಅಜ್ಜಿ ಸೆರಗು ಹಿಡಿದು ನಿಲ್ಲಿಸಿದಳು. ಕದ್ದದ್ದಕ್ಕೆ ದಂಡವೆಂದು ತನ್ನ ತಲೆ ಬಾಚಿಸಿಕೊಂಡಳು. ಮಾರನೆಯ ದಿನವೂ ಬಾಚಿಸಿಕೊಂಡಳು. ಹಾಗೆ ನನಗೆ ಅಲ್ಲಿಗೆ ಹೋಗುವುದು ರೂಢಿಯಾಯಿತು.

ಒಂದು ವರ್ಷ ಆ ಅಜ್ಜಿಗೆ ಕೆಟ್ಟ ಜ್ವರ ಬಂದು ಎರಡು ವಾರ ಮಲಗಿಬಿಟ್ಟಳು. ಡಾಕ್ಟರು ಬಂದು ಔಷಧಿ ಕೊಟ್ಟರು, ಜ್ವರ ಇಳಿಯಿತು. ಇನ್ನು ಭಯವಿಲ್ಲ, ಹೊಟ್ಟೆಗೆ ಹಗುರವಾಗಿ ಏನಾದರೂ ಕೊಡಿ, ತಿಂದರೆ ಎದ್ದು ಓಡಾಡುತ್ತಾಳೆ ಎಂದರು. ಆ ದಿನ ನನ್ನ ಕೈಯಿಂದ ಒಂದು ಲೋಟ ಗಂಜಿ ಕುಡಿದಳು. ನನಗೆ ಹುರುಪು ಬಂತು. ನಿಮ್ಮ ತಾತ ಕಚೇರಿ ಕೆಲಸಕ್ಕೆ ಹಾಸನಕ್ಕೆ ಹೊರಟಿದ್ದರು. ಬರುವಾಗ ಬೇಕರಿಯಿಂದ ಒಂದು ಬ್ರೆಡ್ಡು ತನ್ನಿ ಎಂದೆ. ನಾನು ಅದನ್ನು ಅಲ್ಲಿಯವರೆಗೆ ತಿಂದವಳೇ ಅಲ್ಲ. ಕಾಯಿಲೆಯವರಿಗೆ ಒಳ್ಳೆಯದಂತೆ ಎಂದು ಕೇಳಿದ್ದೆ, ಅಷ್ಟೆ.

ಬಿಸಿ ಹಾಲು, ಬ್ರೆಡ್ಡು ತೆಗೆದುಕೊಂಡು ಸಡಗರದಿಂದ ಹೋದೆ. ಅಜ್ಜಿ ಕಾಗದದ ಪೊಟ್ಟಣ ನೋಡಿದಳು, ನನ್ನ ಮುಖ ನೋಡಿದಳು, ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಗಂಜಿಗೂ ಬಾಯಿ ತೆರೆಯಲಿಲ್ಲ. ಮಾರನೆಯ ದಿನ ತನ್ನ ಎರಡು ಸೀರೆಯನ್ನು ಅಡಿಗೆಯಾಕೆಗೆ ಕೊಟ್ಟಳು. ಎಲೆಅಡಿಕೆ ಚೀಲ ಪಕ್ಕದ ಮುದುಕಪ್ಪನಿಗೆ ಹೋಯಿತು. ಡಾಕ್ಟರು ನಾಡಿ ನೋಡಿ, ಹೀಗೇ ಉಪವಾಸವಿದ್ದರೆ ನನ್ನ ಔಷಧಿಯಿಂದ ಏನೂ ಆಗುವುದಿಲ್ಲ ಎಂದುಬಿಟ್ಟರು. ಹಾಲು ಸೀದಿತ್ತೇನೋ, ಅದಕ್ಕೇ ಕೋಪವೇನೋ ಎಂದುಕೊಂಡು ನಾನು ಮನೆಗೆ ಬಂದು ಅತ್ತೆ.

ಮೂರನೆಯ ದಿನ ಬೆಳಿಗ್ಗೆ ಆ ಮುದುಕಪ್ಪ ನನ್ನನ್ನು ಕರೆದ. ಅವನು ಅರಕಲಗೂಡಿನ ಕಡೆ ಎತ್ತಿನಗಾಡಿ ಹೊಡೆದುಕೊಂಡಿದ್ದವನು. ಅಜ್ಜಿಯ ಗಂಡನಿಗೂ ತಂಗಿಗೂ ಕೊನೆಗಾಲದಲ್ಲಿ ಆಸ್ಪತ್ರೆಯಲ್ಲಿ ಬ್ರೆಡ್ಡು ಕೊಟ್ಟಿದ್ದರಂತೆ. ಇಬ್ಬರೂ ಮನೆಗೆ ವಾಪಸು ಬರಲಿಲ್ಲವಂತೆ.

“ನೀನು ಬ್ರೆಡ್ಡು ತಂದೆ ನೋಡು,” ಎಂದ, “ಡಾಕ್ಟ್ರು ಕೈ ಬುಟ್ರು ಅಂತ ತಿಳ್ಕಂಡವ್ಳೆ ಕಣವ್ವ.”

ಆಗ ನನಗೆ ಹೊಳೆಯಿತು. ನಮ್ಮೂರಲ್ಲೂ ಹಾಗೇ ಇತ್ತಲ್ಲ! ಯಾರ ಮನೆಗಾದರೂ ಬ್ರೆಡ್ಡು ಹೋಯಿತೆಂದರೆ ನೆಂಟರಿಗೆ ಹೇಳಿ ಕಳಿಸುತ್ತಿದ್ದರು. ಗೊತ್ತಿದ್ದೂ ಹುರುಪಿನಲ್ಲಿ ಮರೆತು ನಾನೇ ಕೈಯಲ್ಲಿ ಹಿಡಿದು ಹೋಗಿದ್ದೆ.

ಅಜ್ಜಿಯ ಹತ್ತಿರ ಕೂತು ಎಲ್ಲ ಬಿಡಿಸಿ ಹೇಳಿದೆ. ನಂಬಲಿಲ್ಲ. ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದ್ದಾರೆ, ನಾನು ಮುಚ್ಚಿಡುತ್ತಿದ್ದೇನೆ ಎಂದಳು. ನನಗೆ ಬೇರೆ ದಾರಿ ಕಾಣಲಿಲ್ಲ. ಗೂಡಿನಲ್ಲಿ ಹಾಗೇ ಇದ್ದ ಬ್ರೆಡ್ಡನ್ನು ತೆಗೆದು ಹಜಾರದ ನಡುವೆ ಕೂತೆ. ಗಂಡಸರ ಎದುರು ನೀರು ಕುಡಿಯಲೂ ನಾಚುತ್ತಿದ್ದವಳು, ಎಲ್ಲರ ಮುಂದೆ ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ಮೂರು ದಿನದ್ದು, ರೊಟ್ಟಿಗಿಂತ ಗಟ್ಟಿ. ಗಂಟಲಲ್ಲಿ ಸಿಕ್ಕಿಕೊಂಡು ಬಿಕ್ಕಳಿಕೆ ಹತ್ತಿತು.

“ನೋಡಜ್ಜಿ, ನಾನೂ ತಿಂದೆ. ನಾನೂ ಸಾಯ್ತೀನಾ?” ಎಂದೆ, ಬಿಕ್ಕಳಿಸುತ್ತಲೇ.

ಮುದುಕಪ್ಪ ಕೈ ಚಾಚಿದ. “ನಂಗೂ ಒಂದ್ ಚೂರು ಕೊಡವ್ವ. ಓಗಾದಾದ್ರೆ ಜತೇಲೇ ಓಗಾನ.”

ಉಳಿದವರೂ ಕೈ ಚಾಚಿದರು. ಹಲ್ಲಿಲ್ಲದವರು ಕಾಫಿಗೆ ಅದ್ದಿಕೊಂಡರು. ಸಪ್ಪಗಿದೆ ಎಂದೊಬ್ಬರು, ಕಾಫಿಯೆಲ್ಲ ಇದೇ ಕುಡಿಯಿತು ಎಂದೊಬ್ಬರು. ಗೋಡೆಯ ಕಡೆಯಿಂದ ಅಜ್ಜಿ ಮೆಲ್ಲಗೆ ಇತ್ತ ಹೊರಳಿದಳು. ಎಲ್ಲರ ಬಾಯನ್ನೂ ನೋಡಿದಳು. ನನ್ನ ಬಿಕ್ಕಳಿಕೆ ಇನ್ನೂ ನಿಂತಿರಲಿಲ್ಲ.

“ಮೊದ್ಲು ಆ ಮಗೀಗೆ ನೀರ್ ಕೊಡ್ರೋ,” ಎಂದಳು. ಆಮೇಲೆ ನನಗೆ, “ನಂಗೆ ಆ ಸುಡುಗಾಡು ಬ್ಯಾಡ ಕಣ್ಮಗ. ಒಂದೀಟು ಮುದ್ದೆ ಮಾಡ್ಕ ಬಾ.”

ನಾನು ಮನೆಗೆ ಹೋಗಲಿಲ್ಲ, ಸೀದಾ ಡಾಕ್ಟರ ಹತ್ತಿರ ಓಡಿದೆ. ಅವರು ಕಥೆ ಕೇಳಿ ನಕ್ಕು, ಮೆತ್ತಗೆ ಮಾಡಿ ಸ್ವಲ್ಪ ಕೊಡು ಎಂದರು. ನಿಂಬೆಹಣ್ಣಿನಷ್ಟು ಮುದ್ದೆ, ತಿಳಿಯಾದ ಸೊಪ್ಪಿನ ಸಾರು. ಅಜ್ಜಿ ಕಣ್ಣು ಮುಚ್ಚಿ ಒಂದೊಂದೇ ತುತ್ತು ನುಂಗಿದಳು. ಉಪ್ಪು ಕಡಿಮೆ ಎಂದು ಬೈದಳು. ಆ ಬೈಗುಳ ಕೇಳಿ ನನಗಾದ ಸಂತೋಷ ಹೇಳತೀರದು.

ವಾರದಲ್ಲಿ ಎದ್ದು ಕೂತಳು. ಕೂತವಳೇ ಎಲೆಅಡಿಕೆ ಚೀಲ ಕಿತ್ತುಕೊಂಡಳು, ಸೀರೆ ವಾಪಸು ಕೇಳಿದಳು. ಒಂದನ್ನು ಅಡಿಗೆಯಾಕೆ ಆಗಲೇ ಉಟ್ಟು ಓಡಾಡುತ್ತಿದ್ದಳು. ಆ ಸೀರೆಯ ಜಗಳ ಅಜ್ಜಿ ಇರುವವರೆಗೂ ನಡೆಯಿತು, ಅಂದರೆ ಇನ್ನೂ ಆರು ವರ್ಷ.

ಅಂದಿನಿಂದ ಕಾಯಿಲೆಯವರನ್ನು ನೋಡಲು ಹೋಗುವಾಗ ಏನು ತಿನ್ನಬೇಕು ಅನಿಸುತ್ತದೆ ಎಂದು ಅವರನ್ನೇ ಮೊದಲು ಕೇಳುತ್ತೇನೆ. ನೀವು ತಂದ ಬ್ರೆಡ್ಡು ಚೆನ್ನಾಗಿತ್ತು, ನಾನು ಹೆದರಲಿಲ್ಲ. ಆದರೆ ಒಂದು ದಿನ ನನಗೆ ಬಾಯಿ ಬಿಟ್ಟು ಕೇಳಲಾಗದೆ ಹೋಗಬಹುದು. ಆವತ್ತಿಗೆ ನನಗೆ ಬೇಕಾದದ್ದು ಇದು: ಮೆತ್ತನೆ ಮುದ್ದೆ, ಸೊಪ್ಪಿನ ಸಾರು, ಉಪ್ಪು ಸರಿಯಾಗಿ. ಈ ಹಾಳೆಗಳನ್ನು ಕಳೆಯಬೇಡಿ, ರಾಗಿಹಿಟ್ಟಿನ ಡಬ್ಬದ ಪಕ್ಕದಲ್ಲಿಡಿ. ಬೆಲ್ಲದ ಹತ್ತಿರ ಬೇಡ, ಇರುವೆ ಬರುತ್ತದೆ.