ಹೇಮಕ್ಕನ ಐಸ್‌ಕ್ರೀಮ್ ಕಾನೂನು

ಹೇಮಲತಾ ಅವರ ಮೇಲೆ ನನಗೆ ಇನ್ನೂ ಕೋಪವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ‘ಕೃಪಾ, ಸ್ವಲ್ಪ ಮೆತ್ತಗೆ ಬರೀಬೇಕಿತ್ತು’ ಎನ್ನಬಾರದು.

ಅಹಮದಾಬಾದಿನ ಕನ್ನಡದವರಿಗೆಲ್ಲ ಅವರು ಹೇಮಕ್ಕ. ತವರು ಚಿತ್ರದುರ್ಗ. ಗಂಡ ಕೃಷ್ಣಮೂರ್ತಿಯವರಿಗೆ ಇಲ್ಲಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸ ಸಿಕ್ಕಾಗ ಮದುವೆಯಾದ ಹೊಸದರಲ್ಲಿ ಬಂದವರು, ಗಂಡ ನಿವೃತ್ತರಾದ ಮೇಲೂ ಬೋಡಕ್‌ದೇವ್ ಬಡಾವಣೆಯ ಫ್ಲ್ಯಾಟಿನಲ್ಲೇ ಉಳಿದುಕೊಂಡರು. ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ನಮ್ಮಂಥವರ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಬಂದ ಮಕ್ಕಳಿಗೆ ಬಿಸಿಬಿಸಿ ಉಪ್ಪಿಟ್ಟು ಬೇರೆ. ಅಷ್ಟನ್ನು ನಾನೂ ಒಪ್ಪುತ್ತೇನೆ.

ಆದರೆ ಆ ಚಾಪೆಗೆ ಒಂದು ಕಾನೂನಿದೆ. ಅದರ ಮೇಲೆ ಕೂತ ಮಗುವಿನ ಬಾಯಲ್ಲಿ ಬೇರೆ ಭಾಷೆಯ ಮಾತು ಬರಕೂಡದು. ಬಂದರೆ, ಕನ್ನಡದ ಮಾತು ನೆನಪಾಗುವವರೆಗೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿರಬೇಕು. ನನ್ನ ಮಗಳು ಧನುಶ್ರೀಗೆ ಆರು ವರ್ಷ. ಇದೇ ಊರಿನ ಬೋಪಾಲ್ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ಬೆಳೆದವಳು. ಗುಜರಾತಿಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ, ಕನ್ನಡಕ್ಕೆ ಬಂದರೆ ತಡವರಿಸುತ್ತಾಳೆ. ಪಾಠದ ಅರ್ಧ ಹೊತ್ತು ಅವಳ ಬಾಯಿ ಮುಚ್ಚಿಯೇ ಇರುತ್ತಿತ್ತು.

ಹೇಮಕ್ಕನ ಈ ಹಟ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅವರ ಒಬ್ಬಳೇ ಮಗಳು ಮನಸ್ವಿನಿ ಸೂರತ್‌ನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅವಳಿಗೆ ಕನ್ನಡ ಬಾರದು. ಮದುವೆಗೆ ಮೊದಲು, ಚಿತ್ರದುರ್ಗದಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿ ಫೋನಿನಲ್ಲಿ “ಊಟ ಆಯ್ತೇನೇ ಪುಟ್ಟಿ?” ಎಂದರೆ, ಅವಳು ಉತ್ತರ ಹೇಳಲಾಗದೆ ಫೋನನ್ನು ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದಳಂತೆ. ಪಾಪ, ಸಂಕಟವೇ. ಆದರೆ ತಮ್ಮ ಮಗಳಿಗೆ ಕಲಿಸದೇ ಹೋದದ್ದನ್ನು ನನ್ನ ಮಗಳ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ ಸ್ವಾಮಿ?

ಈ ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನೆಲ್ಲ ವಡೋದರಾ ರಸ್ತೆಯ ಥೀಮ್ ಪಾರ್ಕಿಗೆ ಕರೆದೊಯ್ಯೋಣ ಎಂದವರೂ ಅವರೇ. ಮಿನಿಬಸ್ಸು ಊರು ದಾಟುತ್ತಿದ್ದಂತೆ ಎದ್ದು ನಿಂತು, ಶಾಲು ಬಿಗಿದುಕೊಂಡು ಸಾರಿದರು: “ಇವತ್ತು ಇಡೀ ದಿನ ಕನ್ನಡ! ಬೇರೆ ಭಾಷೆ ಆಡಿದೋರಿಗೆ ಐಸ್‌ಕ್ರೀಮ್ ಇಲ್ಲ!”

ಮಕ್ಕಳು ಹೋ ಎಂದು ಕೂಗಿದವು. ನನ್ನ ಗಂಡ ಪ್ರಮೋದ್ ಚಪ್ಪಾಳೆ ಬೇರೆ ತಟ್ಟಿದ.

ಮಧ್ಯಾಹ್ನ ಪುಳಿಯೋಗರೆ ತಿಂದು ಪುಟಾಣಿ ರೈಲಿನ ಸಾಲಿಗೆ ಹೋದೆವು. ರಜೆಯ ಜನ, ಕಾಲಿಡಲು ಜಾಗವಿಲ್ಲ. ಖಾಲಿ ಡಬ್ಬಿಗಳನ್ನು ಬಸ್ಸಿಗೆ ಹಾಕಲು ಹೊರಟ ನಾನು “ಅವಳ ಕೈ ಬಿಡ್ಬೇಡ” ಎಂದು ಪ್ರಮೋದ್‌ಗೆ ಹೇಳಿ ಹೋದೆ. ಅವನು ಫೋಟೋ ತೆಗೆಯಲು ಕೈ ಬಿಟ್ಟ. ನಾನು ವಾಪಸ್ ಬಂದಾಗ ಮಗಳು ಇಲ್ಲ.

ರೈಲಿನ ಹಿಂದೆ, ಉಯ್ಯಾಲೆಗಳ ಹತ್ತಿರ, ಹೆಂಗಸರ ಶೌಚಾಲಯದಲ್ಲಿ, ಎಲ್ಲ ಕಡೆ ಕಿರುಚುತ್ತಾ ಓಡಿದೆ. ಆಮೇಲೆ ಎಲ್ಲರೂ ಪಾರ್ಕಿನ ಆಫೀಸಿಗೆ ನುಗ್ಗಿದೆವು. ಅಲ್ಲಿದ್ದವನು ಮೈಕಿನಲ್ಲಿ ಗುಜರಾತಿಯಲ್ಲಿ ಮತ್ತೆ ಮತ್ತೆ ಕೂಗಿದ: ಹಳದಿ ಸ್ವೆಟರಿನ ಧನುಶ್ರೀ, ಹತ್ತಿರದ ಗಾರ್ಡ್‌ಗೆ ಹೆಸರು ಹೇಳು. ಯಾವ ಗಾರ್ಡೂ ಸುದ್ದಿ ತರಲಿಲ್ಲ.

ಕೊನೆಗೆ ಸೆಕ್ಯುರಿಟಿಯ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಬಂದಳು. ಡೈನೋಸಾರ್ ಗೊಂಬೆಗಳ ಹತ್ತಿರ ಹಳದಿ ಸ್ವೆಟರಿನ ಹುಡುಗಿಯನ್ನು ನೋಡಿದಳಂತೆ. “‘ಶು ನಾಮ್ ಛೆ, ಬೇಟಾ?’ ಅಂತ ಹೆಸರು ಕೇಳಿದೆ. ಹೀಗೆ ಮಾಡಿ ಜನರ ನಡುವೆ ಓಡಿಹೋಯಿತು, ಎಷ್ಟು ಹುಡುಕಿದರೂ ಮತ್ತೆ ಕಾಣಲಿಲ್ಲ. ಮೂಗಿ ಇರಬೇಕು” ಎಂದು ಗುಜರಾತಿಯಲ್ಲಿ ಹೇಳಿ, ತನ್ನ ಎರಡೂ ಕೈಗಳಿಂದ ಬಾಯಿ ಮುಚ್ಚಿ ತೋರಿಸಿದಳು.

ನಾನು ಹೇಮಕ್ಕನ ಕಡೆ ತಿರುಗಿದೆ. ಅವರ ಮುಖ ಬಿಳಿಚಿಕೊಂಡಿತ್ತು. ನನಗೆ ಪಿತ್ತ ನೆತ್ತಿಗೇರಿತು.

“ಆಯ್ತಾ ಹೇಮಕ್ಕಾ? ಸಮಾಧಾನ ಆಯ್ತಾ? ನಿಮ್ಮ ಕನ್ನಡ ಉಳೀತಾ? ನನ್ನ ಮಗು ಎಲ್ರೀ?”

“ಕೃಪಾ, ದೊಡ್ಡೋರು ಕಣೆ...” ಎಂದ ಪ್ರಮೋದ್.

“ನೀನು ಬಾಯಿ ಮುಚ್ಕೊಂಡಿರು! ಚಪ್ಪಾಳೆ ತಟ್ಟಿದ್ದು ಮರ್ತೋಯ್ತಾ?”

ನಾನೇ ಕೂಗಿ ಕರೆಯೋಣವೆಂದು ಮೈಕಿಗೆ ಕೈ ಹಾಕಿದೆ. ಹೇಮಕ್ಕ ನನ್ನ ಕೈ ಹಿಡಿದರು.

“ನೀನು ಕರೆದ್ರೂ ಅವಳು ಬಾಯಿ ಬಿಡಲ್ಲ ಕಣೆ. ಕಟ್ಟು ಹಾಕಿದೋಳು ನಾನು, ನಾನೇ ಬಿಚ್ಬೇಕು.”

ಮಕ್ಕಳ ಮುಂದೆ ಎಂದೂ ಒಂದು ಗುಜರಾತಿ ಮಾತು ಆಡದ ಹೆಂಗಸು ಮೈಕಿನಲ್ಲಿ, ತರಕಾರಿಯವಳ ಹತ್ತಿರ ಚೌಕಾಸಿ ಮಾಡಿ ಕಲಿತ ಆ ಒಡ್ಡೊಡ್ಡು ಗುಜರಾತಿಯಲ್ಲಿ ಕೂಗಿದರು: “ಧನು ಬೇಟಾ, ಹೇಮಾ ಆಂಟಿ ಛು. ಗುಜರಾತೀಮಾ ಬೋಲ್. ಕೋಯಿ ನಹೀ ವಢೆ.” ಗುಜರಾತಿಯಲ್ಲೇ ಮಾತಾಡು, ಯಾರೂ ಬೈಯುವುದಿಲ್ಲ ಎಂದು. ಒಂದೇ ಮಾತನ್ನು ಗಂಟಲು ಕಟ್ಟುವವರೆಗೂ ಹೇಳಿದರು.

ಡೈನೋಸಾರ್ ಬಾಲದ ಹಿಂದೆ ಅವಿತಿದ್ದ ನನ್ನ ಮಗಳು ಆಗ ಎದ್ದು ಬಂದಳಂತೆ. ಕಸ ಗುಡಿಸುತ್ತಿದ್ದವಳ ಸೆರಗು ಎಳೆದು, ತನ್ನ ಹೆಸರು, ಅಪ್ಪನ ಹೆಸರು, ಸೊಸೈಟಿಯ ಹೆಸರು, ಎಲ್ಲವನ್ನೂ ಗುಜರಾತಿಯಲ್ಲಿ ಪಟಪಟನೆ ಹೇಳಿದಳಂತೆ. ಅವಳನ್ನು ಆಫೀಸಿಗೆ ಕರೆತಂದಾಗ ನಾನು ಬೆನ್ನಿಗೊಂದು ಗುದ್ದಿ, ಗುದ್ದಿದ ಕೈಯಲ್ಲೇ ತಬ್ಬಿಕೊಂಡು ಗೋಳೋ ಎಂದು ಅತ್ತೆ.

ಹೊರಡುವ ಮೊದಲು ಹೇಮಕ್ಕ ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದರು. ಕೊನೆಯ ಕೋನ್ ಅವರ ಕೈಯಲ್ಲಿತ್ತು. ನನ್ನ ತೊಡೆಯ ಮೇಲೆ ಕೂತಿದ್ದ ಧನು ತನ್ನದನ್ನು ನೆಕ್ಕುವುದು ನಿಲ್ಲಿಸಿ ಅವರನ್ನೇ ನೋಡಿದಳು. ಆಮೇಲೆ, ದೇವರಾಣೆ, ಎಲ್ಲೂ ತಡವರಿಸದೆ ಕನ್ನಡದಲ್ಲಿ ಹೇಳಿದಳು:

“ಹೇಮಾ ಆಂಟಿ ಗುಜರಾತಿ ಮಾತಾಡಿದ್ರು. ಎಲ್ಲಾರೂ ಕೇಳಿದ್ರು. ಅವ್ರಿಗೆ ಐಸ್‌ಕ್ರೀಮ್ ಇಲ್ಲ.”



“ಹೌದು ಪುಟ್ಟಿ. ನನಗಿಲ್ಲ” ಎಂದು ಹೇಮಕ್ಕ ತಮ್ಮ ಕೋನನ್ನು ಅವಳ ಕೈಗೆ ಕೊಟ್ಟರು. ದೂರದ ಬೆಂಚಿಗೆ ಹೋಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತರು. ಅವರ ಭುಜ ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ಸಮಾಧಾನ ಮಾಡಲು ನಾನು ಹೋಗಲಿಲ್ಲ.