ಖಾನಾಪುರಕ್ಕೆ ಒಯ್ದ ಪರದೆ

ನನ್ನ ಗಂಡ ದನದ ಡಾಕ್ಟರು. ಖಾನಾಪುರದಿಂದ ಪಶ್ಚಿಮಕ್ಕೆ, ಕಾಡು ಶುರುವಾಗುವ ಕಡೆಯ ಒಂದು ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಅವರಿಗೆ ಕೆಲಸವಿತ್ತು. ಆಸ್ಪತ್ರೆಯ ಬೆನ್ನಿಗೇ ಎರಡು ಕೋಣೆಯ ಸರಕಾರಿ ಮನೆ. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆ. ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಉದ್ಯೋಗ. ಮಕ್ಕಳ ವಿಜ್ಞಾನದ ಪುಸ್ತಕಗಳು, ಬೇಸಾಯದ ಕೈಪಿಡಿಗಳು, ಒಮ್ಮೊಮ್ಮೆ ಒಂದು ಕಾದಂಬರಿ. ಪುಣೆಯ ಪ್ರಕಾಶಕರು ಕಳಿಸುತ್ತಿದ್ದರು, ನಾನು ಮಾಡಿ ವಾಪಸು ಕಳಿಸುತ್ತಿದ್ದೆ.

ಮಗಳ ಶಾಲೆಯ ಸಲುವಾಗಿ ನಾವು ಎರಡು ಮನೆ ಮಾಡಿದ್ದು. ಶನಿವಾರ ಸಂಜೆ ಅವರು ಬರುತ್ತಿದ್ದರು, ಸೋಮವಾರ ನಸುಕಿನಲ್ಲಿ ಎದ್ದು ಹೋಗುತ್ತಿದ್ದರು. ಮಗಳು ಕಾಲೇಜು ಸೇರಿ ಧಾರವಾಡದ ಹಾಸ್ಟೆಲಿಗೆ ಹೋದ ಮೇಲೂ ನಾವು ಹಾಗೇ ಮುಂದುವರಿದೆವು. ಯಾಕೆಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು. ಆ ಹಳ್ಳಿಯಲ್ಲಿ ಕರೆಂಟಿನ ಭರವಸೆಯಿಲ್ಲ, ನನ್ನ ಕೆಲಸ ಕರೆಂಟಿಲ್ಲದೆ ನಡೆಯುವುದಿಲ್ಲ.

ಆದರೆ ಮಗಳಿಲ್ಲದ ಮನೆಯಲ್ಲಿ ವಾರದ ನಡುವಿನ ದಿನಗಳು ಬೇರೆ ಥರ ಇದ್ದವು. ಮಧ್ಯಾಹ್ನ ಒಂದು ಒಳ್ಳೆಯ ಮರಾಠಿ ಶಬ್ದ ಸಿಕ್ಕು ಅದಕ್ಕೆ ಸರಿಯಾದ ಕನ್ನಡ ಹೊಳೆದರೆ, ಅದನ್ನು ಗಟ್ಟಿಯಾಗಿ ಹೇಳಿಬಿಡುತ್ತಿದ್ದೆ. ಗೋಡೆಗೆ ಹೇಳಿದ ಹಾಗೆ. ಅವರಿಗೆ ಫೋನು ಮಾಡಿದರೆ ಹಿಂದೆ ಎಮ್ಮೆ ಒದರುವುದು ಕೇಳುತ್ತಿತ್ತು, "ಆಮ್ಯಾಲ ಮಾಡ್ತೀನಿ" ಅನ್ನುತ್ತಿದ್ದರು. ಸಂಜೆ ಮಾಡುವ ಹೊತ್ತಿಗೆ ಆ ಶಬ್ದದ ಖುಷಿ ಆರಿರುತ್ತಿತ್ತು.

ನನ್ನ ಲ್ಯಾಪ್‌ಟಾಪು ತೀರ ಸಣ್ಣದು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಳ್ಳಲು ಆಗಲಿ ಎಂದು ತೆಗೆದುಕೊಂಡದ್ದು. ಅದರ ಪರದೆಯ ಮೇಲೆ ಎಡಕ್ಕೆ ಮರಾಠಿ ಮೂಲ, ಬಲಕ್ಕೆ ನನ್ನ ಕನ್ನಡ ತೆರೆದರೆ ಎರಡೂ ಇರುವೆ ಸಾಲಿನಂತೆ ಕಾಣುತ್ತಿದ್ದವು. ಒತ್ತಕ್ಷರಗಳನ್ನು ನೋಡಲು ಮೂಗು ತಾಗುವಷ್ಟು ಬಗ್ಗಬೇಕು. ಕಣ್ಣು ಉರಿಯತೊಡಗಿದಾಗ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಚಷ್ಮಾದ ನಂಬರು ಬದಲಿಸಿ, ಇದಕ್ಕಿಂತ ದೊಡ್ಡ ಪರದೆಯಲ್ಲಿ ಕೆಲಸ ಮಾಡಿರಿ ಎಂದು ಹೇಳಿ ಕಳಿಸಿದರು.

ಖಡೇಬಜಾರದ ಆಚೆ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಮಾಲೀಕರು ಐವತ್ತು ದಾಟಿದವರು. ಕುರ್ಚಿ ಒರೆಸಿ, "ಕುಂದರ್ರಿ ಅಕ್ಕಾರ" ಅಂದರು. ದೊಡ್ಡ ಮಾನಿಟರುಗಳು ಗೋಡೆಯುದ್ದಕ್ಕೂ ಹೊತ್ತಿಕೊಂಡಿದ್ದವು. ಎಲ್ಲದರಲ್ಲೂ ಒಂದೇ ಸಮುದ್ರ, ಒಂದೇ ಮೀನು. ನಾನು ನನ್ನ ಲ್ಯಾಪ್‌ಟಾಪು ತೆಗೆದು, "ಮೀನ ಬ್ಯಾಡ್ರಿ, ನನ್ನ ಪುಟ ಹಾಕಿ ನೋಡೂಣು" ಅಂದೆ. ಅವರು ನಕ್ಕು ವೈರು ಚುಚ್ಚಿದರು.

ಒಂದರಲ್ಲಿ ಅಕ್ಷರದ ಅಂಚು ಹತ್ತಿಯ ಹಾಗೆ ಅರಳಿತ್ತು. ಇನ್ನೊಂದರಲ್ಲಿ 'ಸ್ತ್ರೀ' ಅನ್ನುವ ಶಬ್ದದ ಕೆಳಗಿನ ಒತ್ತುಗಳು ಒಂದರೊಳಗೊಂದು ಸೇರಿ ಮಸಿ ಹನಿಯಂತಾಗಿದ್ದವು. ಮೂರನೆಯದು ಬಹಳ ಚೆನ್ನಾಗಿತ್ತು. ಎರಡು ಪುಟ ಪಕ್ಕಪಕ್ಕದಲ್ಲಿ ಪುಸ್ತಕ ಬಿಚ್ಚಿಟ್ಟಂತೆ ನಿಂತವು. ಹಿಂದಕ್ಕೆ ಒರಗಿ ಕುಳಿತು ಓದಿದೆ. ಬೆನ್ನಿಗೇ ಮೊದಲು ಸಮಾಧಾನವಾಯಿತು.

ಇದನ್ನೇ ಕಟ್ಟಿಕೊಡಿ ಎನ್ನುವಷ್ಟರಲ್ಲಿ ಅವರು, "ಎಲ್ಲಿ ಕುಂತು ಕೆಲಸ ಮಾಡಾವ್ರ ನೀವು?" ಎಂದು ಕೇಳಿದರು.

"ಯಾಕ್ರಿ?"

"ಇದೊಮ್ಮೆ ಟೇಬಲ್ ಮ್ಯಾಲ ಇಟ್ರ ಮುಗೀತ್ರಿ, ಅಲ್ಲೇ ಇರ್ತೈತಿ. ನೀವೂ ಅಲ್ಲೇ. ಬ್ಯಾರೆ ಕಡೆ ಹೋಗೂದು ಬರೂದು ಇದ್ರ ಇಲ್ಲೊಂದು ಸಣ್ಣದೈತಿ ನೋಡ್ರಿ." ಕೆಳಗಿನ ಖಾನೆಯಿಂದ ತಟ್ಟೆಯಷ್ಟು ತೆಳ್ಳಗಿನ ಪರದೆಯೊಂದನ್ನು ತೆಗೆದರು. ಅದರ ಕವಚವೇ ಮಡಚಿ ನಿಲ್ಲಿಸುವ ಆಸರೆ. ಒಂದೇ ವೈರಿನಲ್ಲಿ ಚಿತ್ರವೂ ಕರೆಂಟೂ ಲ್ಯಾಪ್‌ಟಾಪಿನಿಂದಲೇ ಹೋಗುತ್ತವೆ ಎಂದರು. "ಆದ್ರ ಖರೇ ಹೇಳ್ತೀನ್ರಿ, ಇದು ನಿಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಜಲ್ದಿ ಕುಡೀತೈತಿ. ಇದನ್ನ ಒಯ್ದ್ರ ಒಂದು ಬ್ಯಾಟರಿನೂ ಒಯ್ಬೇಕು. ಮೊಬೈಲಿಂದು ನಡ್ಯಂಗಿಲ್ಲ, ಲ್ಯಾಪ್‌ಟಾಪ್ ಎಳಿಯೂವಷ್ಟು ತಾಕತ್ತಿಂದ ಬೇಕು."

ಸಣ್ಣದರಲ್ಲಿ ಅಕ್ಷರಗಳು ಸ್ಪಷ್ಟವಾಗಿದ್ದವು, ಆದರೆ ದೊಡ್ಡದರ ವೈಭವ ಇರಲಿಲ್ಲ. ಎಲ್ಲಿ ಕುಂತು ಕೆಲಸ ಮಾಡುತ್ತೀರಿ ಎಂಬ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಹೊರಗೆ ಬಂದು, ಕಬ್ಬಿನ ಹಾಲಿನ ಗಾಡಿಯ ನೆರಳಲ್ಲಿ ನಿಂತು ಗಂಡನಿಗೆ ಫೋನು ಮಾಡಿದೆ.

"ಎರಡು ನಮೂನಿ ಅದಾವ್ರಿ," ಅಂದೆ. "ಒಂದು ದೊಡ್ಡದು, ಭಾಳ ಛಲೋ ಕಾಣ್ತೈತಿ. ಇನ್ನೊಂದು ಚೀಲದಾಗ ಹಾಕ್ಕೊಂಡು ಎಲ್ಲಿಗಿ ಬೇಕಾದ್ರೂ ಒಯ್ಯೂವಂಥಾದ್ದು."

"ನಿನ್ನ ಕಣ್ಣಿಗಿ ಯಾವ್ದು ಛಲೋ ಅನಸ್ತೈತಿ ಅದನ್ನ ತಗೋ."

"ಕಣ್ಣಿಗಿ ದೊಡ್ಡದ ಛಲೋ."

ಅವರ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ, "ಇಲ್ಲೆ ಕಿಡಕಿ ಹಂತ್ಯಾಕ ಒಂದು ಟೇಬಲ್ ಹಿಡಸ್ತೈತಿ. ನಾ ಅಳದ ನೋಡೀನಿ," ಅಂದರು.

"ಯಾವಾಗ ಅಳದ್ರಿ?"

"ಅಕ್ಕವ್ವ ಹಾಸ್ಟೆಲಿಗಿ ಹ್ವಾದಾಗ." ಮಗಳನ್ನು ಅವರು ಹಾಗೆ ಕರೆಯುತ್ತಾರೆ.

ಅವಳು ಹೋಗಿ ವರ್ಷದ ಮೇಲಾಗಿತ್ತು. ಅಷ್ಟು ದಿನ ಆ ಮನುಷ್ಯ ಒಂದು ಮಾತೂ ಆಡದೆ ಕಿಟಕಿಯ ಹತ್ತಿರದ ಜಾಗವನ್ನು ಖಾಲಿ ಇಟ್ಟುಕೊಂಡು ಕೂತಿದ್ದರು. ನಾನು ಅಂಗಡಿಯೊಳಕ್ಕೆ ಹೋಗಿ ಸಣ್ಣ ಪರದೆಯನ್ನೂ, ಇಟ್ಟಿಗೆಯಷ್ಟು ಭಾರದ ಒಂದು ಬ್ಯಾಟರಿಯನ್ನೂ ಕೊಂಡೆ.

ಆ ವಾರದಿಂದ, ಶನಿವಾರ ಅವರು ಬರುವುದನ್ನು ಕಾಯದೆ, ಪ್ರತಿ ಬುಧವಾರ ನಾನೇ ಖಾನಾಪುರದ ಬಸ್ಸು ಹತ್ತತೊಡಗಿದೆ. ಮಚ್ಛೆಯ ಕಾರ್ಖಾನೆಗಳು ಮುಗಿದು ಹೊಲಗಳು ಬರುವ ಹೊತ್ತಿಗೆ ಮನಸ್ಸು ಹಗುರಾಗುತ್ತಿತ್ತು. ಖಾನಾಪುರದ ಬಸ್ ಸ್ಟ್ಯಾಂಡಿಗೆ ಅವರು ಮೋಟರ್‌ಸೈಕಲ್ ತರುತ್ತಿದ್ದರು. ಬ್ಯಾಟರಿ, ಪರದೆ, ಲ್ಯಾಪ್‌ಟಾಪಿನ ಚೀಲವನ್ನು ಎದೆಗೆ ಅವುಚಿಕೊಂಡು ನಾನು ಹಿಂದೆ ಕೂರುತ್ತಿದ್ದೆ. "ಕೂಸಿನಗತೆ ಹಿಡ್ಕೊಂಡೀಯಲ್ಲ," ಅನ್ನುತ್ತಿದ್ದರು.

ಕಿಟಕಿಯ ಟೇಬಲ್ಲು ಹಳೆಯದು, ಆಸ್ಪತ್ರೆಯಲ್ಲಿ ಬೇಡವೆಂದು ಬಿಟ್ಟದ್ದು. ಕರೆಂಟು ಮಧ್ಯಾಹ್ನ ಹೋಗುತ್ತಿತ್ತು. ಫ್ಯಾನು ನಿಂತು ಮನೆಯೆಲ್ಲ ಮೌನವಾದಾಗ ನಾನು ಬ್ಯಾಟರಿ ಹಚ್ಚಿಕೊಂಡು ಕೆಲಸ ಮುಂದುವರಿಸುತ್ತಿದ್ದೆ. ಅವರು ಊಟಕ್ಕೆ ಬಂದು, ಚಾಪೆ ಹಾಸಿ ನನ್ನ ಕಾಲ ಹತ್ತಿರವೇ ಮಲಗುತ್ತಿದ್ದರು. ಮೈಯಿಂದ ಫಿನೈಲು, ಸೋಪು, ಒಣಹುಲ್ಲು ಎಲ್ಲ ಕೂಡಿದ ವಾಸನೆ. ಒಳ್ಳೆಯ ಶಬ್ದ ಸಿಕ್ಕರೆ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ, "ಹೂಂ, ಬರೋಬರಿ ಐತಿ," ಅನ್ನುತ್ತಿದ್ದರು. ಕೇಳಿಸಿಕೊಂಡು ಅಂದರೋ ನಿದ್ದೆಯಲ್ಲಿ ಅಂದರೋ ಗೊತ್ತಿಲ್ಲ. ನನಗೆ ಅಷ್ಟು ಸಾಕಿತ್ತು.

ಮೇ ತಿಂಗಳಲ್ಲಿ ಒಂದು ಸಲ ಜೋರು ಗಾಳಿ ಎದ್ದು, ಲೈನಿನ ಮೇಲೆ ಮರ ಬಿದ್ದು ಸುತ್ತಲ ಹಳ್ಳಿಗಳಿಗೆಲ್ಲ ಕರೆಂಟು ಹೋಯಿತು. ಮರುದಿನವೂ ಬರಲಿಲ್ಲ. ಎಲ್ಲರ ಮೊಬೈಲುಗಳೂ ಒಂದೊಂದಾಗಿ ಸತ್ತವು. ನನ್ನ ಬ್ಯಾಟರಿಯನ್ನು ನಾನು ಜತನದಿಂದ ಉಳಿಸಿಟ್ಟಿದ್ದೆ. ಪುಸ್ತಕವೊಂದರ ಕೊನೆಯ ಅಧ್ಯಾಯ ಬಾಕಿಯಿತ್ತು, ಪ್ರಕಾಶಕರು ಅವಸರ ಮಾಡುತ್ತಿದ್ದರು.

ಆ ಸಂಜೆ ಎಮ್ಮೆ ಸಾಕುವ ಗವಳಿಗರ ಹಟ್ಟಿಯಿಂದ ಒಬ್ಬ ಮುದುಕಿ ನಡೆದುಕೊಂಡೇ ಬಂದಳು. ಬಾಗಿಲಲ್ಲಿ ನಿಂತು, "ಸಾಹೇಬ್ರ, ಎಮ್ಮಿ ಕರಾ ಹಾಕವಲ್ದು. ಹೊತ್ತಾರಿಂದ ತಿಣಕಾಕತ್ತೈತ್ರಿ," ಅಂದಳು. ಗಂಡ ಚೀಲ ತೆಗೆದುಕೊಂಡರು. ತಮ್ಮ ಟಾರ್ಚು ಒತ್ತಿ ನೋಡಿದರು, ಹಳದಿಯಾಗಿ ಮಿಣುಕಿತು. ನನ್ನ ಕಡೆ ನೋಡಿದರು. ನಾನೇ ಎದ್ದು ಪರದೆ, ಬ್ಯಾಟರಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡೆ.

ಮೋಟರ್‌ಸೈಕಲ್ ಮುದುಕಿಯನ್ನೂ ಹತ್ತಿಸಿಕೊಂಡು ಹಟ್ಟಿಯ ಏರಿನವರೆಗೆ ಮಾತ್ರ ಹೋಯಿತು, ಮುಂದೆ ಕಾಲುದಾರಿ. ಕೊಟ್ಟಿಗೆಯೊಳಗೆ ಹೊರಗಿನದಕ್ಕಿಂತ ಹೆಚ್ಚು ಕತ್ತಲೆ. ಒಂದು ಚಿಮಣಿ ದೀಪ ಎಮ್ಮೆಯ ಕೊಂಬನ್ನಷ್ಟೇ ತೋರಿಸುತ್ತಿತ್ತು. ಬೂಸಾದ ಚೀಲದ ಮೇಲೆ ಲ್ಯಾಪ್‌ಟಾಪು ಇಟ್ಟೆ, ಬ್ಯಾಟರಿ ಜೋಡಿಸಿದೆ, ಪರದೆಯ ವೈರು ಚುಚ್ಚಿದೆ. ಒಂದು ಖಾಲಿ ಪುಟ ತೆರೆದು, ಬೆಳಕನ್ನು ಪೂರ್ತಿ ಏರಿಸಿ, ಪರದೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

ಕೊಟ್ಟಿಗೆ ಬೆಳ್ಳಗಾಯಿತು. ಅಕ್ಷರವಿಲ್ಲದ ಪುಟಕ್ಕೆ ಅಷ್ಟು ಬೆಳಕಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

"ಸ್ವಲ್ಪ ಕೆಳಗ. ಹಾಂ, ಅಲ್ಲೇ," ಅಂದರು ಗಂಡ. ತೋಳಿನವರೆಗೆ ಸೋಪು ಬಳಿದುಕೊಂಡು ಒಳಗೆ ಕೈ ಹಾಕಿದರು. ಕರುವಿನ ತಲೆ ಹಿಂದಕ್ಕೆ ಹೊರಳಿದೆ, ಅದನ್ನು ತಿರುಗಿಸಬೇಕು ಎಂದರು. ಅವರ ಕೆಲಸದ ಕಥೆಗಳನ್ನು ನಾನು ಶನಿವಾರ ರಾತ್ರಿಯ ಊಟದಲ್ಲಿ ಕೇಳಿದ್ದೆನೇ ಹೊರತು ಕಣ್ಣಾರೆ ನೋಡಿರಲಿಲ್ಲ. ಅವರ ಮುಖ ಎಮ್ಮೆಯ ಪಕ್ಕೆಗೆ ಒತ್ತಿತ್ತು, ಕಣ್ಣು ಮುಚ್ಚಿತ್ತು. ಮಧ್ಯಾಹ್ನ ನನ್ನ ಶಬ್ದ ಕೇಳುವಾಗಿನ ಮುಖವೇ ಅದು. ಹಾಗಾದರೆ ಅವರು ಆಗ ನಿದ್ದೆ ಮಾಡುತ್ತಿರಲಿಲ್ಲ ಅನ್ನಿಸಿತು.

ಮುದುಕಿ ಎಮ್ಮೆಯ ಕುತ್ತಿಗೆ ಸವರುತ್ತ, "ಥಾಂಬ ಗ ಬಾಯೇ, ಥಾಂಬ," ತಡಿಯವ್ವ ತಡಿ ಎಂದು ಮರಾಠಿಯಲ್ಲಿ ಸಮಾಧಾನ ಹೇಳುತ್ತಿದ್ದಳು. ಪರದೆ ಕೆಳಗೆ ವಾಲುವುದನ್ನು ಕಂಡು ಕನ್ನಡಕ್ಕೆ ತಿರುಗಿ, "ಕೈ ಸೋತ್ವೇನ್ರಿ ಅಕ್ಕಾರ? ನಾನೂ ಒಂದು ಕೈ ಹಚ್ತೀನಿ," ಎಂದು ಪರದೆಯ ಇನ್ನೊಂದು ಅಂಚು ಹಿಡಿದಳು. ನಾವಿಬ್ಬರೂ ಹಾಗೆ ನಿಂತೆವು.

ಗಂಡ ಹಗ್ಗ ಕೇಳಿದರು, ಎಳೆದರು. ಎಮ್ಮೆ ದೊಡ್ಡದಾಗಿ ಒದರಿತು. ಕರು ಹುಲ್ಲಿನ ಮೇಲೆ ಜಾರಿ ಬಿತ್ತು, ಅಲುಗಾಡಲಿಲ್ಲ. ಅವರು ಅದರ ಮೂಗಿನ ಲೋಳೆ ತೆಗೆದು, ಹುಲ್ಲಿನಿಂದ ಎದೆ ತಿಕ್ಕಿದರು, ತಿಕ್ಕುತ್ತಲೇ ಇದ್ದರು. ಆಮೇಲೆ ಕರು ಸೀನಿತು. ತಲೆ ಎತ್ತಿ, ಎಲ್ಲಕ್ಕಿಂತ ಮೊದಲು ನನ್ನ ಬಿಳಿ ಪುಟವನ್ನು ನೋಡಿತು.

"ಹೆಣ್ಣ ಐತಿ," ಅಂದರು ಗಂಡ, ಕೈ ತೊಳೆಯುತ್ತ.

ಅಲ್ಲಿ ಕೊಟ್ಟ ಹಾಲಿಲ್ಲದ ಚಹಾ ಕುಡಿದು ಇಳಿಯುವಾಗ ಅವರು ನನ್ನ ಕೈ ಹಿಡಿದುಕೊಂಡಿದ್ದರು. ದಾರಿ ಕಾಣದ್ದಕ್ಕೆ ಎಂದು ನೆಪವಿತ್ತು. ಬ್ಯಾಟರಿ ಪೂರ್ತಿ ಬರಿದಾಗಿತ್ತು. ಪುಸ್ತಕ ತಡವಾಯಿತು, ಪ್ರಕಾಶಕರು ಬೇಸರ ಮಾಡಿಕೊಂಡು ಸುಮ್ಮನಾದರು.

ಆ ವರ್ಷದ ಕೊನೆಗೆ ಅವರಿಗೆ ಬಡ್ತಿ ಸಿಕ್ಕಿ ಬೆಳಗಾವಿಯ ಕಚೇರಿಗೆ ವರ್ಗವಾಯಿತು. ಎಷ್ಟೋ ಕಾಲದಿಂದ ಅರ್ಜಿ ಹಾಕುತ್ತ ಬಂದದ್ದು. ನೆಂಟರೆಲ್ಲ ಫೋನು ಮಾಡಿ, ಅಂತೂ ಗಂಡ ಹೆಂಡತಿ ಒಂದೆಡೆ ಆದಿರಿ ಎಂದರು. ನಮಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಅವರೇ ಅಂಗಡಿಗೆ ಹೋಗಿ ಟಿಳಕವಾಡಿಯ ಮನೆಗೆ ದೊಡ್ಡ ಮಾನಿಟರು ತಂದು ಟೇಬಲ್ಲಿನ ಮೇಲೆ ಕೂರಿಸಿದರು. "ಈಗ ಎಲ್ಲೂ ಹೋಗೂದಿಲ್ಲಲ್ಲ, ಆರಾಮಾಗಿ ಮಾಡು," ಅಂದರು.

ಕಣ್ಣು ಈಗ ಉರಿಯುವುದಿಲ್ಲ. ಒತ್ತಕ್ಷರಗಳು ಮುತ್ತಿನಂತೆ ಕಾಣುತ್ತವೆ. ಅವರು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ಸಂಜೆ ಅದೇ ಇಸ್ತ್ರಿ ಮುರಿಯದೆ ಬರುತ್ತಾರೆ. ಅವರ ಕೈಗೆ ಈಗ ಕಾಗದದ ವಾಸನೆ. ಮಧ್ಯಾಹ್ನ ಊಟಕ್ಕೆ ಬರುವಷ್ಟು ಕಚೇರಿ ಹತ್ತಿರವಿಲ್ಲ. ಸಂಜೆ ಟೀವಿಯ ಮುಂದೆ ಫೈಲುಗಳನ್ನು ಹರಡಿಕೊಂಡು ಕೂತಾಗ ನಾನು ಸಿಕ್ಕ ಶಬ್ದ ಹೇಳಿದರೆ ತಲೆ ಎತ್ತಿ, "ಏನಂದಿ?" ಎಂದು ಕೇಳುತ್ತಾರೆ. ಎರಡನೆಯ ಸಲ ಹೇಳುವಾಗ ಅದು ಬರಿ ಶಬ್ದವಾಗಿರುತ್ತದೆ.

ಮೊನ್ನೆ ಮಡಗಾಂವದಲ್ಲಿ ಒಂದು ಮದುವೆಗೆಂದು ರೈಲಿನಲ್ಲಿ ಹೊರಟೆವು. ಖಾನಾಪುರದಲ್ಲಿ ರೈಲು ನಿಂತಿತು. ಅವರು ಎದ್ದು ಬಾಗಿಲಿಗೆ ಹೋದರು. ನಾನೂ ಹಿಂದೆ ಹೋಗಿ ನಿಂತೆ. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬಳು ನೇರಳೆ ಹಣ್ಣು ಮಾರುತ್ತಿದ್ದಳು. ಆಚೆ ಮೋಡ ಕವಿದ ಪಶ್ಚಿಮದ ಗುಡ್ಡಗಳು. ಇಬ್ಬರೂ ಅದೇ ದಿಕ್ಕಿಗೆ ನೋಡುತ್ತಿದ್ದೆವು.

"ಇಳಿಯೂಣೇನು?" ಅಂದರು.

ತಿರುಗಿ ಅವರ ಮುಖ ನೋಡಿದೆ. ತಮಾಷೆ ಮಾಡುವ ಮುಖವಾಗಿರಲಿಲ್ಲ.

"ಇಳಿದು ಎಲ್ಲಿಗಿ ಹೋಗೂದ್ರಿ? ಆ ಮನ್ಯಾಗ ಈಗ ಹೊಸಾ ಡಾಕ್ಟರು ಅದಾರ," ಅಂದೆ.

"ಹೌದಲ್ಲ," ಅಂದರು. ರೈಲು ಅಲುಗಿತು. ಪ್ಲಾಟ್‌ಫಾರ್ಮು ಮುಗಿದು ಗದ್ದೆಗಳು ಬರುವವರೆಗೂ ಅವರು ಬಾಗಿಲು ಬಿಡಲಿಲ್ಲ, ನಾನೂ ಒಳಗೆ ಹೋಗಲಿಲ್ಲ.